ನೀರು ಕೇಳದ ಕಾರಿಗೊಂದು ಪೈಪು

ನಮ್ಮ ಕಡೆಯ ಗಂಡಸರಿಗೆ ಪೈಪಿನ ವಿಷಯದಲ್ಲಿ ಬುದ್ಧಿ ಹೇಳಲು ಹೋಗಬಾರದು. ತಿಪಟೂರಿನ ಸುತ್ತಮುತ್ತ ತೆಂಗಿನ ತೋಟ ಇಟ್ಟುಕೊಂಡವನು ಹೆಂಡತಿಯ ತವರೂರಿನ ಹೆಸರು ಬೇಕಾದರೆ ಮರೆತಾನು, ತೋಟದ ಯಾವ ಬದುವಿನಡಿ ಎಷ್ಟು ಇಂಚಿನ ಪೈಪು ಹೂತಿದೆ ಎನ್ನುವುದನ್ನು ಮರೆಯುವುದಿಲ್ಲ. ಅದರಲ್ಲೂ ನಮ್ಮನೆಯವರು, ರಂಗಣ್ಣನವರು, ಈ ವಿದ್ಯೆಯಲ್ಲಿ ಸುತ್ತ ನಾಲ್ಕೂರಿಗೆ ದೊಡ್ಡವರು. ಯಾರ ತೋಟಕ್ಕೆ ನೀರು ಹರಿಯದಿದ್ದರೂ ಇವರಿಗೇ ಫೋನು. ಇವರು ಹೋಗಿ, ಪೈಪಿನ ಮೇಲೆ ಕೈಯಾಡಿಸಿ, "ಗಾಳಿ ಹಿಡ್ಕಂಡೈತೆ ಕಣಪ್ಪ" ಎಂದು ತೀರ್ಪು ಕೊಟ್ಟು, ಎತ್ತರದಲ್ಲಿರುವ ಒಂದು ಜಾಯಿಂಟು ಸಡಿಲಿಸಿ, ಬುಸ್ಸೆಂದು ಗಾಳಿ ಬಿಟ್ಟು, ಕಾಫಿ ಕುಡಿದು ಬರುತ್ತಾರೆ. ನಮ್ಮ ಅಡುಗೆಮನೆಯ ಸಿಂಕಿನ ಕೆಳಗೆ ಸೋರುವ ಪೈಪಿಗೆ ಮಾತ್ರ ಈ ವಿದ್ಯೆ ಇಳಿಯುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟು ಪ್ಲಂಬರನನ್ನೇ ಕರೆಸಬೇಕು.

ಇಂಥವರ ಕೈಗೆ ಒಂದು ಕಾರು ಸಿಕ್ಕಿತು.

ಕಾರು ನಮ್ಮದಲ್ಲ. ನಮ್ಮನೆಯವರ ತಂಗಿ ಬೋರಮ್ಮನ ಗಂಡ ಬಾಲರಾಜು ಇಟ್ಟುಕೊಂಡಿದ್ದ ಹಳೆಯ ಬೀಟಲ್ ಅದು. ನೋಡಲು ಆಮೆ, ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ಅದರ ಎಂಜಿನ್ನು ಬರಿಯ ಗಾಳಿಯಲ್ಲೇ ತಣ್ಣಗಾಗುವಂಥದ್ದು. ರೇಡಿಯೇಟರೂ ಇಲ್ಲ, ನೀರೂ ಬೇಡ. "ಇಡೀ ತಾಲೂಕಲ್ಲಿ ಒಂದ್ ತೊಟ್ಟು ನೀರು ಕೇಳ್ದೆ ಇರೋದು ನನ್ ಕಾರೊಂದೇ" ಎಂದು ಬಾಲರಾಜು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ನೀರು ಕೇಳುತ್ತಿರಲಿಲ್ಲ, ನಿಜ. ಮಿಕ್ಕಿದ್ದೆಲ್ಲ ಕೇಳುತ್ತಿತ್ತು. ಹುಳಿಯಾರಿಗೆ ಹೋಗಿ ಬರುವಷ್ಟರಲ್ಲಿ ಒಂದು ಸಲವಾದರೂ ನಿಲ್ಲದೆ ಮನೆ ಸೇರಿದ್ದನ್ನು ನಾನು ಕಾಣೆ. ಬಾಲರಾಜು ರಸ್ತೆ ಪಕ್ಕ ಟವೆಲ್ ಹಾಸಿಕೊಂಡು ಕಾರಿನಡಿ ಮಲಗುತ್ತಿದ್ದ. ಮಗಳು ಕೃತಿಕಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವನು ಕೇಳಿದ ಸ್ಪ್ಯಾನರು ಕೊಡುತ್ತಿದ್ದಳು. ಬಾಲರಾಜು ಹೃದಯಾಘಾತದಲ್ಲಿ ಹೋದ ಮೇಲೆ ಕಾರು ಕೊಬ್ಬರಿ ಶೆಡ್ಡಿನಲ್ಲೇ ನಿಂತು, ನಿಂತು, ಎಂಜಿನ್ನು ಕಚ್ಚಿಕೊಂಡು ಹೋಯಿತು.

ಕೃತಿಕಾಗೆ ಮದುವೆ ಗೊತ್ತಾಯಿತು. ಸಂಪಿಗೆಯ ಶ್ರೀನಿವಾಸನ ಸನ್ನಿಧಿಯಲ್ಲಿ ಧಾರೆ. ಬಾಲರಾಜುವಿಗೆ ಒಡಹುಟ್ಟಿದವರಿಲ್ಲವಾದ್ದರಿಂದ ಧಾರೆ ಎರೆಯಬೇಕಾದವರು ಸೋದರಮಾವ ರಂಗಣ್ಣನವರು ಮತ್ತು ನಾನು. ಲಗ್ನಪತ್ರಿಕೆಗೆ ಅರಿಶಿನ ಹಚ್ಚಿದ ದಿನ ಅವಳು ಮಾವನ ಪಕ್ಕ ಬಂದು ಕೂತಳು.

"ಮಾವ, ಸೀರೆ ಒಡವೆ ಏನೂ ಬೇಡ. ಸಂಪಿಗೆಗೆ ನಾನು ಅಪ್ಪನ ಕಾರಲ್ಲೇ ಹೋಗ್ಬೇಕು."

"ಆಯ್ತು ಕಣವ್ವ" ಎಂದುಬಿಟ್ಟರು ಇವರು. ಕಾರು ಉರುಳುತ್ತದೋ ಇಲ್ಲವೋ ಎಂದು ಒಂದು ಮಾತು ಯಾರನ್ನೂ ಕೇಳಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಹುಡುಗಿಯ ಮುಖ ನೋಡಿದ ಮೇಲೆ ಬಾಯಿ ತೆರೆಯಲಾಗಲಿಲ್ಲ. ತಂದೆಯಿಲ್ಲದ ಮಗಳು ಕೇಳಿದ್ದು ಅದೊಂದೇ. ಅದೂ ಆಗದಿದ್ದರೆ ಮಂಟಪದಲ್ಲಿ ಅವಳೆದುರು ನಿಂತು ನಾವು ಯಾವ ಮುಖದಲ್ಲಿ ಧಾರೆ ಎರೆಯುವುದು?

ಎಳೆಸಿ ತಂದು ನಮ್ಮ ಮನೆಮುಂದೆ ನಿಲ್ಲಿಸಿದ ಕಾರನ್ನು ಕಿಬ್ಬನಹಳ್ಳಿಯ ಮೆಕ್ಯಾನಿಕ್ ಮೈಲಾರಿ ಬಂದು ನೋಡಿ, ಹಳೇ ಎಂಜಿನ್ನಿಗೆ ಸಾಮಾನು ಸಿಗುವುದಿಲ್ಲವೆಂದು ಕೈಚೆಲ್ಲಿದ. ಗುಜರಿಯಲ್ಲಿ ಒಂದು ಓಮ್ನಿ ವ್ಯಾನಿನ ಎಂಜಿನ್ನು ಬಿದ್ದಿದೆ, ಅದನ್ನೇ ಕೂರಿಸುತ್ತೇನೆ ಎಂದ. ಕೂರಿಸಿಯೂ ಕೂರಿಸಿದ. ಆದರೆ ಅದು ನೀರು ಬೇಡುವ ಎಂಜಿನ್ನು. ಎಂಜಿನ್ನು ಕಾರಿನ ಹಿಂದೆ, ಗಾಳಿಗೆ ಎದುರಾಗಿರಬೇಕಾದ ರೇಡಿಯೇಟರು ಮುಂದೆ. ಹಿಂದೆ ಕಾದ ನೀರು ಮುಂದಕ್ಕೆ ಹೋಗಿ, ಆರಿ, ಮತ್ತೆ ಹಿಂದಕ್ಕೆ ಬರಬೇಕು. ಅಂದರೆ ಕಾರಿನ ಹೊಟ್ಟೆಯಡಿ ಉದ್ದಕ್ಕೂ ಎರಡು ಪೈಪು ಎಳೆಯಬೇಕು.

ಪೈಪು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮನೆಯವರ ಮುಖ ಅರಳಿತು. ಅದುವರೆಗೆ ಮೈಲಾರಿ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಪೈಪಿನಂಗಡಿ ಏಕಾಂತಯ್ಯನವರಿಗೆ ಫೋನು ಹೋಯಿತು. ಅವರು ಸ್ಕೂಟರಿನ ಮೇಲೆ ಮೊಳಮೊಳದ ಪೈಪಿನ ತುಂಡುಗಳನ್ನು ಕಟ್ಟಿಕೊಂಡು ಬಂದರು. ನಮ್ಮ ಜಗಲಿಯಲ್ಲಿ ಸಭೆ ಸೇರಿತು. ಕಾಫಿಯ ಮೇಲೆ ಕಾಫಿ ಮಾಡಿದವಳು ನಾನು.

"ಉದ್ದುಕ್ಕೂ ರಬ್ಬರ್ ಹೋಸೇ ಹಾಕ್ಬುಡಣ ಕಣಣ್ಣ" ಎಂದ ಮೈಲಾರಿ.

"ಹೊಟ್ಟೆ ಕೆಳೀಕೆ ಅಷ್ಟುದ್ದ ರಬ್ಬರು ಜೋತಾಡ್ತಾ ಇದ್ರೆ ಒಂದ್ ಕಲ್ಲು ತಾಗುದ್ರೆ ಮುಗೀತು ಕಣ್ಲಾ. ಹಾಕಿದ್ ಪೈಪು ಮೊಮ್ಮಕ್ಕಳ ಕಾಲುಕ್ಕೂ ಇರ್ಬೇಕು" ಎಂದರು ಇವರು.

ಏಕಾಂತಯ್ಯನವರು ಬಿಳಿಯ ಪಿವಿಸಿ ತುಂಡೊಂದನ್ನು ಮೇಜಿನ ಮೇಲಿಟ್ಟರು. "ಆ ರೇಡಿಯೇಟರ್ ಮುಚ್ಚಳ ಎಷ್ಟು ಪ್ರೆಷರ್ ತಡೀತದಪ್ಪ ಮೈಲಾರಿ?"

"ಒಂದ್ ಕೆಜಿ ಒಳಗೇ ಸ್ವಾಮಿ."

"ಒಂದ್ ಕೆಜಿ. ನಾನ್ ಕೊಡ್ತಾ ಇರೋದು ಆರ್ ಕೆಜಿ ಪೈಪು. ಆನೆಗೆ ಕಟ್ಟೋ ಸರಪಣೀಲಿ ಮೇಕೆ ಕಟ್ದಂಗೆ."

ನಮ್ಮಲ್ಲಿ ಪೈಪನ್ನು ಕೇಳುವುದೇ ಕೆಜಿಯಲ್ಲಿ. ತೂಕದ ಕೆಜಿಯಲ್ಲ, ಒಳಗಿನ ನೀರಿನ ಎಷ್ಟು ಒತ್ತಡ ತಡೆಯುತ್ತದೆ ಎನ್ನುವ ಕೆಜಿ. ನಾಲ್ಕು ಕೆಜಿ, ಆರು ಕೆಜಿ, ಹತ್ತು ಕೆಜಿ. ಆರು ಕೆಜಿ ಎಂದರೆ ಸಾಕು, ಎದುರಾಡುವವರಿಲ್ಲ. ಆಮೇಲೆ ಬಿಳಿ ಪೈಪೋ ಕಪ್ಪು ಪೈಪೋ ಎನ್ನುವುದರ ಮೇಲೆ ಬಿಸಿಲು ಇಳಿಯುವವರೆಗೆ ಜಗಳವಾಗಿ ಬಿಳಿ ಗೆದ್ದಿತು. ಲೋಟ ತೆಗೆಯಲು ಬಂದ ನಾನು ನಿಂತು ಕೇಳಿದೆ.

"ಅದ್ರಲ್ಲಿ ಹೋಗೋದು ಬಿಸಿ ನೀರಲ್ವಾ? ದಿನಾ ಗಂಜಿ ಬಸ್ದೂ ಬಸ್ದೂ ನಮ್ ಸಿಂಕಿನ ಪೈಪು ಸೊಟ್ಟಗಾಗಿರೋದು ನೋಡಿದೀರಾ?"

ಮೂವರೂ ನನ್ನ ಕಡೆ ತಿರುಗಿದರು. ನಮ್ಮನೆಯವರು ತಾಳ್ಮೆಯಿಂದ ಹೇಳಿದರು. "ಅದು ಚರಂಡಿ ಪೈಪು ಕಣೇ. ಅದುಕ್ಕೆ ಕೆಜೀನೇ ಇಲ್ಲ."

ಏಕಾಂತಯ್ಯನವರು ಪಾಪ ಎನ್ನುವಂತೆ ನಕ್ಕರು. ನಾನು ಲೋಟ ತೆಗೆದುಕೊಂಡು ಒಳಗೆ ಬಂದೆ. ಸಿಂಕಿನ ಕೆಳಗೆ ಬಗ್ಗಿ ಆ ಸೊಟ್ಟ ಪೈಪನ್ನು ಇನ್ನೊಮ್ಮೆ ನೋಡಿ, ನನ್ನದೇ ತಪ್ಪಿರಬಹುದು ಎಂದು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಪೈಪು ಹಾಕಿದ ಮೇಲೆ ಪರೀಕ್ಷೆಯೂ ಆಯಿತು. ಹೇಗೆಂದರೆ, ತೋಟದ ಮೋಟರಿನ ಹೋಸನ್ನು ತಂದು ಕಾರಿಗೆ ಸಿಕ್ಕಿಸಿ, ನೀರು ಬಿಟ್ಟು, ಒಂದು ಬೆಳಗಿನಿಂದ ಸಂಜೆಯವರೆಗೆ ಕಾದರು. ಒಂದು ಹನಿ ಸೋರಲಿಲ್ಲ. ಬೋರಿನ ತಣ್ಣೀರು ಹೇಗೆ ಸೋರೀತು? ನಮ್ಮ ಗಂಡಸರ ಜನ್ಮದಲ್ಲಿ ತೋಟದ ಪೈಪಿನಲ್ಲಿ ಕುದಿಯುವ ನೀರು ಹರಿದದ್ದಿಲ್ಲ. ಹಾಗಾಗಿ ಅದು ಯಾರ ತಲೆಗೂ ಹೋಗಲಿಲ್ಲ.

ಮದುವೆಯ ಹಿಂದಿನ ದಿನ, ಧಾರೆ ಎರೆಯುವವರ ಮನೆಯೆಂದು ನಮ್ಮ ಮನೆಮುಂದೆಯೂ ಚಪ್ಪರ ಏಳುತ್ತಿರುವಾಗ, ಕಾರನ್ನು ಕಿಬ್ಬನಹಳ್ಳಿಯವರೆಗೆ ಓಡಿಸಿ ತರೋಣ ಎಂದರು. ಹೂವು ತರಬೇಕಾಗಿದ್ದರಿಂದ ನಾನೂ ಹತ್ತಿದೆ. ಸುಳ್ಳು ಹೇಳಬಾರದು, ಕಾರು ಚೆನ್ನಾಗಿಯೇ ಓಡಿತು. ಕಿಬ್ಬನಹಳ್ಳಿ ಕೈಮರದ ಹತ್ತಿರ ಬಸ್ಸುಗಳು ನಿಲ್ಲುವ ಕಡೆಗೆ ಬರುವಷ್ಟರಲ್ಲಿ ಕೆಳಗೆ ಏನೋ ಟಾರು ರಸ್ತೆಗೆ ಸವರಿದ ಸದ್ದಾಯಿತು. ಆಮೇಲೆ ಢಬ್ ಎಂದಿತು. ಸುತ್ತ ಹಬೆ ಎದ್ದು ಎದುರಿನ ಬಸ್ಸು ಕಾಣದಾಯಿತು. ಇಳಿದು ಬಗ್ಗಿ ನೋಡಿದರೆ, ಆರು ಕೆಜಿಯ ಪೈಪು ಬೆಂದ ನುಗ್ಗೇಕಾಯಿಯ ಹಾಗೆ ಜೋತುಬಿದ್ದು ನಡುವೆ ಬಾಯಿ ಬಿಟ್ಟಿತ್ತು.

ನಿಮಿಷದಲ್ಲಿ ಜನ ಸೇರಿದರು. ಎಲ್ಲರೂ ತೋಟದವರೇ.

"ಎಷ್ಟ್ ಕೆಜೀದು ಹಾಕಿದ್ರಿ?" ಎಂದು ಒಬ್ಬ ಕೇಳಿದ.

"ಆರು" ಎಂದರು ನಮ್ಮನೆಯವರು.

"ಅದೇ ಮತ್ತೆ. ಹತ್ ಕೆಜೀದು ಹಾಕ್ಬೇಕಿತ್ತು."

ಸುತ್ತ ನಿಂತವರೆಲ್ಲ ಹೌದೆಂದು ತಲೆಯಾಡಿಸಿದರು. ಇವರು ಏಕಾಂತಯ್ಯನವರಿಗೆ ಫೋನು ಮಾಡಿದರು. ಅವರೂ ಅದನ್ನೇ ಹೇಳಿ, ಹತ್ತು ಕೆಜಿಯದು ಈಗಲೇ ಕಳಿಸುತ್ತೇನೆ ಎಂದರು. ನಾನು ಫೋನು ಇಸಕೊಂಡೆ.

"ನೀವು ಕಳಿಸೋ ಪೈಪ್ನ ಮೊದ್ಲು ನಮ್ಮನೆಗೆ ತನ್ನಿ. ಅದುಕ್ಕೆ ಒಂದ್ ಹಂಡೆ ಕುದಿಯೋ ನೀರು ಹುಯ್ತೀನಿ. ಬಗ್ಗದೆ ಇದ್ರೆ ಆಮೇಲ್ ಮಾತಾಡಣ."

ಏಕಾಂತಯ್ಯನವರು, "ಬಗ್ತದೆ ಕಣ್ರಮ್ಮ" ಎಂದು ಮೆಲ್ಲಗೆ ಒಪ್ಪಿಕೊಂಡರು.

ತೆಂಗಿನಕಾಯಿ ಹೇರಿದ ಟೆಂಪೋ ಒಂದಕ್ಕೆ ಹಗ್ಗ ಕಟ್ಟಿಸಿಕೊಂಡು ಮನೆಗೆ ಬಂದೆವು. ನಡುಮಧ್ಯಾಹ್ನ. ಮೈಲಾರಿ ಓಡಿ ಬಂದು ಕಾರಿನಡಿ ನೋಡಿ, ಇನ್ನು ಸ್ಟೀಲು ಪೈಪೇ ಗತಿ, ಎರಡು ತುದಿಗೆ ಮಾತ್ರ ಗಿಡ್ಡ ರಬ್ಬರು ಹಾಕಿದರಾಯಿತು ಎಂದ. ಬಿಸಿಗೂ ಜಗ್ಗುವುದಿಲ್ಲ, ಕಲ್ಲಿಗೂ ಜಗ್ಗುವುದಿಲ್ಲ. ಸರಿ, ಸ್ಟೀಲು ಪೈಪು ಎಲ್ಲಿ? ತಿಪಟೂರಿನಲ್ಲಿ ಗ್ರಿಲ್ ಕೆಲಸದ ಅಂಗಡಿಯವರು ಆ ದಿನ ಬಾಗಿಲು ಹಾಕಿಕೊಂಡು ಯಾವುದೋ ಮದುವೆಗೆ ಹೋಗಿದ್ದರು. ಮದುವೆಯ ಕಾಲ, ಎಲ್ಲರಿಗೂ ಮದುವೆ. ತುರುವೇಕೆರೆಗೆ ಫೋನು ಮಾಡಿದರೆ ನಾಳಿದ್ದು ತರಿಸಿಕೊಡುತ್ತೇವೆ ಎಂದರು. ನಾಳಿದ್ದು ಪೈಪು ಕಟ್ಟಿಕೊಂಡು ಏನು ಮಾಡುವುದು?

ಮೈಲಾರಿ ಸೋತು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತ. ಕೂರುವಾಗ ಆಸರೆಗೆ ಪಕ್ಕದ ಕಂಬಿ ಹಿಡಿದ. ಹಿಡಿದ ಕೈ ಹಾಗೇ ನಿಂತಿತು. ಹೆಬ್ಬೆರಳು ತೋರುಬೆರಳು ಸೇರಿಸಿ ಕಂಬಿಯನ್ನು ಒಂದು ಸಲ ಅಳೆದ. ತಲೆ ಎತ್ತಿ ನಮ್ಮನೆಯವರನ್ನು ನೋಡಿದ. ನಮ್ಮನೆಯವರು ಕಂಬಿ ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿ, ಬೇಗ ಆಕಾಶ ನೋಡಿದರು.

ಆ ಕಂಬಿಯ ಕಥೆ ಹೇಳಲೇಬೇಕು. ತಾರಸಿಗೆ ಹೋಗುವ ಆ ಮೆಟ್ಟಿಲಿಗೆ ವರ್ಷಗಟ್ಟಲೆ ಕಂಬಿಯೇ ಇರಲಿಲ್ಲ. ಮೆಣಸಿನಕಾಯಿ ಮೊರ ತಲೆಯ ಮೇಲಿಟ್ಟುಕೊಂಡು ಗೋಡೆ ತಡವಿಕೊಂಡು ಹತ್ತುತ್ತಿದ್ದೆ. ಕೇಳಿದೆ, ಅತ್ತು ನೋಡಿದೆ, ಕೊನೆಗೆ ಮಾತು ಬಿಟ್ಟೆ. ಹೋದ ಯುಗಾದಿಗೆ ಸ್ಟೀಲು ಕಂಬಿ ಬಂತು. ಎರಡಿಂಚಿನ ದಪ್ಪದ್ದು ಹಾಕಿಸಿ ಎಂದಿದ್ದೆ. ಒಂದೂಕಾಲು ಇಂಚಿನದು ಸಾಕು ಬುಡು ಎಂದು ಸಣ್ಣದು ಹಾಕಿಸಿದ್ದರು. ಕೆಳಗೊಂದು, ಮೇಲೊಂದು, ಉದ್ದಕ್ಕೆ ಎರಡು ಸಾಲು. ಸಣ್ಣದಾದರೂ ಅದು ನನ್ನದು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆ ಹಾಳು ಒಂದೂಕಾಲು ಇಂಚೇ ಓಮ್ನಿ ಎಂಜಿನ್ನಿನ ರಬ್ಬರಿಗೆ ಸರಿಯಾದ ಅಳತೆಯಂತೆ.

ಅದನ್ನು ಕೊಡು ಎಂದು ನನ್ನನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬೋರಮ್ಮನ ಮನೆಯಿಂದ ಕೃತಿಕಾ ಫೋನು ಮಾಡಿದ್ದು ಆಗಲೇ, ಅದೂ ನನಗೆ.

"ಅತ್ತೆ, ಅಪ್ಪನ ಕಾರು ರೆಡಿ ಆಯ್ತಾ? ಅರಿಶಿನ ಹಚ್ತಾ ಅವ್ರೆ, ಕೈ ಎಲ್ಲ ಒದ್ದೆ. ಅದೊಂದು ಕೇಳಣ ಅಂತ ಮಾಡ್ದೆ."

ಇಲ್ಲ ಎನ್ನಲೆಂದೇ ಬಾಯಿ ತೆರೆದೆ. "ಆಯ್ತು ಕಣಮ್ಮ" ಎಂದು ಫೋನು ಇಟ್ಟೆ. ನಮ್ಮನೆಯವರು ಹೀಗೇ ಆಯ್ತು ಎಂದುಬಿಟ್ಟಾಗ ಮೈಯುರಿದುಕೊಂಡವಳು ನಾನೇ.

"ಇನ್ನೂ ಯಾಕ್ ಆಕಾಶ ನೋಡ್ತಾ ಕೂತಿದೀರಿ? ಕುಯ್ಯಿರಿ" ಎಂದೆ.

ಮೈಲಾರಿ ಎದ್ದು ನಿಂತ. "ಅಕ್ಕ, ನಿಜ್ವಾಗ್ಲೂ..."

"ನನ್ ಮನ್ಸು ಬದಲಾಗೋ ಮುಂಚೆ ಕುಯ್ಯಪ್ಪ."

ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಕಟರ್ ಮಿಷನ್ನಿನ ಸದ್ದು ಕೇಳದಿರಲೆಂದು ಮಿಕ್ಸಿ ಹಾಕಿದೆ. ಹೊರಗೆ ಬಂದಾಗ ಮೆಟ್ಟಿಲಿಗೆ ಬರೀ ಗೂಟಗಳಿದ್ದವು. ನುಣ್ಣನೆಯ ಸ್ಟೀಲಿನಿಂದ ರಬ್ಬರು ಜಾರದ ಹಾಗೆ ಮೈಲಾರಿ ಪೈಪಿನ ತುದಿಗಳಿಗೆ ವೆಲ್ಡಿಂಗಿನಲ್ಲಿ ಉಬ್ಬು ಬಳೆ ಕೂರಿಸಿ, ರಬ್ಬರು ತೊಡಿಸಿ, ಕ್ಲಿಪ್ಪು ಬಿಗಿದ. ಈ ಸಲ ಎಂಜಿನ್ನು ಕಾಯಿಸಿಯೇ ನೋಡಿದರು. ಒಂದು ಹನಿ ಇಲ್ಲ. ಚಪ್ಪರಕ್ಕೆ ಸೋಗೆ ಹೊದಿಸುತ್ತಿದ್ದವರೂ ಇಳಿದು ಬಂದು ಬಗ್ಗಿ ನೋಡಿ, ಕಂಬಿ ಮಿಂಚುತ್ತಿದೆ ಎಂದರು. ಮಿಂಚದೆ ಏನು, ದಿನಾ ಒರೆಸಿದವಳು ನಾನು.

ಮದುವೆಯ ದಿನ ಹತ್ತೂವರೆಗೆ ಲಗ್ನ. ನೆಂಟರನ್ನೆಲ್ಲ ಬಸ್ಸಿನಲ್ಲಿ ಮುಂದೆ ಕಳಿಸಿದೆವು. ಕಾರಿನಲ್ಲಿ ನಮ್ಮನೆಯವರು, ನಾನು, ಹಿಂದೆ ಮದುಮಗಳು ಮತ್ತು ಬೋರಮ್ಮ. ನಮ್ಮನೆಯವರು ರೇಷ್ಮೆ ಪಂಚೆ ಉಟ್ಟು, ಪೇಟ ಸುತ್ತಿ, ಗಂಭೀರವಾಗಿ ಸ್ಟೇರಿಂಗು ಹಿಡಿದಿದ್ದರು. ಕಿಬ್ಬನಹಳ್ಳಿ ದಾಟಿ ತುರುವೇಕೆರೆ ರಸ್ತೆಗೆ ತಿರುಗಿದೆವು. ಎರಡೂ ಕಡೆ ತೆಂಗಿನ ಸಾಲು, ಬೆಳಗಿನ ಬಿಸಿಲು. ಹಿಂದಿನಿಂದ ಕೃತಿಕಾ ಮೆಲ್ಲಗೆ ಹೇಳಿದಳು.

"ಮಾವ, ಸದ್ದು ಬೇರೆ ಥರ ಐತೆ. ಅಪ್ಪಂದು ಟಕಟಕಟಕ ಅಂತಿತ್ತು."

ಅವಳು ದೂರಬೇಕೆಂದು ಹೇಳಿದ್ದಲ್ಲ. ಆದರೆ ನಮ್ಮನೆಯವರ ಮುಖ ಸಣ್ಣದಾಯಿತು. ಎಂಜಿನ್ನು ಓಮ್ನಿಯದು, ಪೈಪು ಮೆಟ್ಟಿಲಿನದು, ರೇಡಿಯೇಟರು ಗುಜರಿಯದು. ಬಾಲರಾಜುವಿನದು ಅಂತ ಉಳಿದಿರುವುದು ತಗಡು ಮಾತ್ರ. ಇಷ್ಟೆಲ್ಲ ಮಾಡಿ ನಾವು ಅವಳಿಗೆ ಕೊಟ್ಟದ್ದು ಅವಳು ಕೇಳಿದ ಕಾರಲ್ಲವೇ ಅಲ್ಲವೇನೋ ಎನ್ನಿಸಿತು. ಬೋರಮ್ಮ ಮಗಳ ಕೈ ಹಿಡಿದುಕೊಂಡಳು.

ತುರುವೇಕೆರೆ ಇನ್ನೂ ದೂರವಿರುವಾಗ ಏರೊಂದರಲ್ಲಿ, ಮೈಲಾರಿ ಸ್ಟೇರಿಂಗಿನ ಪಕ್ಕ ಕಟ್ಟಿದ್ದ ಬಿಸಿಯ ಮುಳ್ಳು ಸರಸರನೆ ಕೆಂಪಿನ ಕಡೆ ಹೊರಟಿತು. ಇವರು ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದರು. ಬೋರಮ್ಮ ದೇವರನ್ನು ಕರೆಯತೊಡಗಿದಳು. ಮದುಮಗಳೂ ಇಲ್ಲಿ, ಧಾರೆ ಎರೆಯುವವರೂ ಇಲ್ಲಿ, ಸಂಪಿಗೆಯಲ್ಲಿ ಗಂಡೊಬ್ಬ ಕಾಯುತ್ತಿದ್ದಾನೆ. ಪೈಪು ಒಡೆದಿರಬಹುದೆಂದು ನಾನು ಬಗ್ಗಿ ನೋಡಿದೆ. ನನ್ನ ಕಂಬಿ ನೆಟ್ಟಗಿತ್ತು, ಒಣಗಿತ್ತು.

ನಮ್ಮನೆಯವರು ಕೆಳಗೆ ಕೈಯಿಟ್ಟು ಹಿಂದಿನ ತುದಿ ಮುಟ್ಟಿ ಚುರ್ ಎಂದು ಕೈ ಎಳೆದುಕೊಂಡರು. ಮುಂದೆ ಬಂದು ರೇಡಿಯೇಟರು ಮುಟ್ಟಿದರು. ತಣ್ಣಗಿತ್ತು. ಹಿಂದೆ ಸುಡುತ್ತಿದೆ, ಮುಂದೆ ತಣ್ಣಗಿದೆ, ಅಂದರೆ ನೀರು ಹರಿಯುತ್ತಿಲ್ಲ. ಅವರ ಮುಖಕ್ಕೆ ತೋಟದಲ್ಲಿರುವಾಗಿನ ಕಳೆ ಬಂತು.

"ಗಾಳಿ ಹಿಡ್ಕಂಡೈತೆ ಕಣೇ" ಎಂದರು.

ಎಂಜಿನ್ನು ಆರುವವರೆಗೆ ಕಾದು, ನನ್ನ ಕೈಯಿಂದ ಹಳೇ ಟವೆಲ್ ಇಸಕೊಂಡು ಹಾಸಿ, ರೇಷ್ಮೆ ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿ, ಪೇಟ ತೆಗೆದು ಕಾರಿನ ನೆತ್ತಿಯ ಮೇಲಿಟ್ಟು, ಕಾರಿನ ಮೂತಿಯ ಕೆಳಗೆ ಮಲಗಿದರು. ಸಲಕರಣೆಯ ಚೀಲ ಕೈಗೆಟುಕುತ್ತಿರಲಿಲ್ಲ. ನಾನು ಬಗ್ಗುವಷ್ಟರಲ್ಲಿ ಮುಂದಿನ ಸೀಟು ಮಡಚಿ ಇಳಿದ ಸದ್ದಾಯಿತು. ಕೃತಿಕಾ ಬಾಸಿಂಗ ಬಿಚ್ಚಿ ಅಮ್ಮನ ಮಡಿಲಿಗೆ ಹಾಕಿ, ಧಾರೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಟವೆಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಚೀಲದೊಳಗೆ ನೋಡದೆಯೇ ಕೈಹಾಕಿ ಸ್ಕ್ರೂ ಡ್ರೈವರು ತೆಗೆದು ಕೆಳಗೆ ಚಾಚಿದಳು.

"ತಗಳಿ ಮಾವ. ಕ್ಲಿಪ್ಪಿಗೆ ಇದೇ ತಾನೆ?"

ಮೇಲಿನ ಕ್ಲಿಪ್ಪು ಸಡಿಲಾಯಿತು. ಬುಸ್ಸೆಂದು ಗಾಳಿ ಹೊರಟಿತು, ಆಮೇಲೆ ಗೊರಗೊರ ಎಂದಿತು, ಆಮೇಲೆ ಒಂದೇ ಧಾರೆಯಾಗಿ ನೀರು ಬಂತು. ಡಿಕ್ಕಿಯಲ್ಲಿ ಇಟ್ಟುಕೊಂಡು ಬಂದಿದ್ದ ಕ್ಯಾನಿನ ನೀರನ್ನು ನಾನು ಹಿಂದೆ ಎಂಜಿನ್ನಿನ ನೀರಿನ ಬಾಯಿಗೆ ಹುಯ್ದೆ. ಕೃತಿಕಾ ನಗುತ್ತಿದ್ದಳು. ನಕ್ಕೂ ನಕ್ಕೂ ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು.

"ಈಗ ಅಪ್ಪನ ಕಾರು ಅನ್ನಿಸ್ತು ನೋಡಿ ಮಾವ" ಎಂದಳು.

ಕ್ಲಿಪ್ಪು ಬಿಗಿದು ಆಗಿತ್ತು, ಗಾಳಿ ಹೋಗಿಯೂ ಆಗಿತ್ತು. ನಮ್ಮನೆಯವರು ಮಾತ್ರ ಕಾರಿನ ಕೆಳಗಿನಿಂದ ಏಳಲಿಲ್ಲ. "ಹೊತ್ತಾಯ್ತು ಕಣ್ರೀ" ಎಂದು ನಾನು ಎರಡು ಸಲ ಕೂಗಬೇಕಾಯಿತು.

ಸಂಪಿಗೆ ತಲುಪಿದಾಗ ಪುರೋಹಿತರು ದೇವಸ್ಥಾನದ ಬಾಗಿಲಲ್ಲೇ ನಿಂತಿದ್ದರು. ಹಲ್ಲುಜ್ಜಿದಂತೆ ಹೊಳೆಯುವ ದೊಡ್ಡ ಕಾರುಗಳ ನಡುವೆ ನಮ್ಮ ಆಮೆ ಹೋಗಿ ನಿಂತಿತು. ಕೈ ತೊಳೆಯಲೂ ಹೊತ್ತಿರಲಿಲ್ಲ. ಸೋದರಮಾವ ಹಾಗೆಯೇ ಮದುಮಗಳ ಕೈ ಹಿಡಿದು ಹಸೆಮಣೆಗೆ ಕರೆತಂದರು, ಅವಳ ಮೆಹಂದಿಯ ಮೇಲೆ ನಾಲ್ಕು ಬೆರಳಿನ ಗ್ರೀಸು ಅಚ್ಚಾಯಿತು. ಗಂಡಿನ ಕಡೆಯ ಹೆಂಗಸೊಬ್ಬಳು ಒರೆಸಲು ಹೋದಳು. ಕೃತಿಕಾ ಕೈ ಹಿಂದಕ್ಕೆ ಎಳೆದುಕೊಂಡಳು.

ಧಾರೆಯ ಹೊತ್ತಿಗೆ ನಮ್ಮಿಬ್ಬರ ಕೈಗೆ ಚೆಂಬು ಕೊಟ್ಟರು. ಗಂಡಿನ ಕೈ, ಮೇಲೆ ಹೆಣ್ಣಿನ ಕೈ, ಅದರ ಮೇಲೆ ತೆಂಗಿನಕಾಯಿ. ಗಟ್ಟಿಮೇಳ ಶುರುವಾಯಿತು. ನಮ್ಮನೆಯವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಇಳೀವಾಗ ಬಗ್ಗಿ ನೋಡ್ದೆ ಕಣೇ. ಒಂದ್ ತೊಟ್ಟೂ ಸೋರ್ತಾ ಇಲ್ಲ."

ನಾನು ಅವರ ಮುಖ ನೋಡಿದೆ. ಎರಡೂ ಕಣ್ಣಿಂದ ಸೋರುತ್ತಿತ್ತು. ಎರಡಿಂಚಿನ ಕಂಬಿಯ ಮಾತು ನಾಳೆ ಎತ್ತಿದರಾಯಿತು ಎಂದುಕೊಂಡು, ಅವರ ಗ್ರೀಸು ಕೈಯ ಜೊತೆ ನನ್ನ ಕೈಯನ್ನೂ ಸೇರಿಸಿ ಚೆಂಬು ಬಗ್ಗಿಸಿದೆ.